ಅರ್ಧ ದಿನದ ಮುಯ್ಯಿ

ನನ್ನ ಮುಖದ ತುಂಬ ಸಿಡುಬಿನ ಕಲೆಗಳಿವೆ. ಸಿಡುಬಿಗೆ ಲಸಿಕೆ ಹಾಕುವವನಿಗೆ ಇದಕ್ಕಿಂತ ಕೆಟ್ಟ ಮುಖ ಇರಲಾರದು. ನಮ್ಮ ಕಡೆ ಬೇನೆಗೂ ದೇವಿ ಎನ್ನುತ್ತಾರೆ, ಲಸಿಕೆಗೂ ದೇವಿ ಎನ್ನುತ್ತಾರೆ. ಮೈಮೇಲೆ ಗುಳ್ಳೆ ಎದ್ದರೆ ದೇವಿ ಬಂದಳು, ತೋಳಿಗೆ ಲಸಿಕೆ ಚುಚ್ಚಿದರೆ ದೇವಿ ಹಾಕಿದರು. ಇಂಥ ಮುಖ ಹೊತ್ತು, ಕೈಯಲ್ಲೊಂದು ತಗಡಿನ ಪೆಟ್ಟಿಗೆ ಹಿಡಿದು ಊರೊಳಗೆ ಹೋಗಿ "ದೇವಿ ಹಾಕಾಕ ಬಂದೀನಿ" ಎಂದರೆ ಜನ ಏನು ತಿಳಿಯಬೇಕು? "ತಾ ಉಂಡದ್ದನ್ನ ನಮಗೂ ಬಡಸಾಕ ಬಂದಾನ ನೋಡು," ಎಂದು ಒಬ್ಬ ಮುದುಕ ಕಟ್ಟೆಯ ಮೇಲಿಂದ ಅಂದಿದ್ದ. ಸಿಟ್ಟು ಬಂತು. ಆದರೆ ಮಾತು ಚೆನ್ನಾಗಿತ್ತು, ನಗುವೂ ಬಂತು.

ಆಗ ಯುದ್ಧ ಇನ್ನೂ ಮುಗಿದಿರಲಿಲ್ಲ. ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿತ್ತು. ಏರು ಬಂದರೆ ಪ್ರಯಾಣಿಕರೇ ಇಳಿದು ನೂಕಬೇಕು. ಜೋಳದ ಕೊಯ್ಲು ಮುಗಿಯುತ್ತ ಬಂದು ಹತ್ತಿ ಬಿಡಿಸುವ ಕಾಲ ಶುರುವಾದಾಗ ರಾಯಚೂರು ಪೇಟೆಯಲ್ಲಿ ಸಿಡುಬು ಕಾಣಿಸಿಕೊಂಡಿತು. ನಮ್ಮ ಡಾಕ್ಟರ್ ಸಾಹೇಬರು ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು ಮಾನ್ವಿಯವರೆಗೆ ರಸ್ತೆಗುಂಟ ಎಳೆದರು. "ಬೇನೆ ರಸ್ತಾ ಹಿಡದು ಬರ್ತದ. ನೀ ಅದಕ್ಕಿಂತ ಮುಂದ ಇರಬೇಕು. ಒಂದು ಊರಾಗ ಎಲ್ಲಾರಿಗೂ ಒಂದೇ ಸಲ ಹಾಕು, ಮೊದಲು ಮಕ್ಕಳು, ಆಮ್ಯಾಲೆ ದೊಡ್ಡವರು, ಮುಗಿಸಿ ಮುಂದಿನ ಊರು," ಎಂದರು. ಅವರು ಕೆಟ್ಟವರಲ್ಲ. ನಕ್ಷೆ ನೋಡಿದವರು ಯಾರೇ ಆದರೂ ಹಾಗೇ ಹೇಳುತ್ತಿದ್ದರು.

ಹಿರೇಕೊಟ್ನೆಕಲ್ಲಿನಲ್ಲಿ ನನ್ನನ್ನು ಕಂಡೊಡನೆ ಬಾಗಿಲುಗಳು ಹಾಕಿಕೊಂಡವು. ರೈತರು ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೆವಿ ಜೋಳ ಅಳೆಯಲು ಬಂದ ಸರ್ಕಾರಿ ಮನುಷ್ಯನೆಂದು ತಿಳಿದು ಜನ ಕಾಳಿನ ಚೀಲ ಹುಲ್ಲಿನೊಳಗೆ ಬಚ್ಚಿಟ್ಟಿದ್ದರಂತೆ. ಲೆವಿಯವನಲ್ಲ, ದೇವಿಯವನು ಎಂದು ಗೊತ್ತಾದ ಮೇಲೆ ಚೀಲ ಹೊರಗೆ ಬಂದು ಮಕ್ಕಳು ಒಳಗೆ ಹೋದವು. ಹೇಗೋ ಕಾಡಿಬೇಡಿ ಒಂದಷ್ಟು ತೋಳುಗಳಿಗೆ ಚುಚ್ಚಿದೆ. ಲಸಿಕೆ ತಾಗಿದ್ದರೆ ಎಂಟನೆಯ ದಿನ ಅಲ್ಲಿ ಕೀವುತುಂಬಿದ ಗುಳ್ಳೆ ಎದ್ದಿರಬೇಕು. ಹೋಗಿ ನೋಡಿದರೆ ಒಂದು ತೋಳಿನಲ್ಲೂ ಎದ್ದಿರಲಿಲ್ಲ. ಸಣ್ಣ ಗಾಜಿನ ನಳಿಕೆಗಳಲ್ಲಿ ಬರುವ ಲಸಿಕೆಯನ್ನು ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಗಡಿಗೆಯಲ್ಲಿಟ್ಟು ಒಯ್ಯುತ್ತಿದ್ದೆ. ಬಸ್ಸು ಕೆಟ್ಟು ನಿಂತ ದಿನದ ಬಿಸಿಲಿಗೆ ಅದು ಸತ್ತುಹೋಗಿತ್ತು. "ಸಾಹೇಬ್ರ, ನಿಮ್ಮ ದೇವಿ ಹಾದ್ಯಾಗ ತಪ್ಪಿಸಿಕೊಂಡಾಳೇನ್ರೀ?" ಎಂದು ಕೇಳಿದರು. ರಾಯಚೂರಿಗೆ ಹೋಗಿ ಹೊಸ ನಳಿಕೆ ತಂದು ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು.

ನಾನು ಉಳಿಯುತ್ತಿದ್ದುದು ಊರ ಚಾವಡಿಯಲ್ಲಿ. ಮೂರು ಕಲ್ಲು ಹೂಡಿ ಜೋಳದ ನುಚ್ಚು ಬೇಯಿಸಿಕೊಂಡು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ, ಯಾಕೆಂದರೆ ಹೊರಗೆ ಮುಖ ಮಾಡಿದರೆ ಮಕ್ಕಳು ನೋಡಿ ಅಳುತ್ತಿದ್ದವು. ತಂದೆ, ತಾಯಿ, ಅಣ್ಣ ಎಲ್ಲರೂ ಹಿಂದೆಯೇ ಪ್ಲೇಗಿಗೆ ಹೋಗಿದ್ದರು. ಮದುವೆಗೆ ಹೆಣ್ಣು ಕೊಡಲು ಯಾರೂ ಬಂದಿರಲಿಲ್ಲ. ರಾಯಚೂರಿನಲ್ಲಿ ನನ್ನ ಬಾಡಿಗೆ ಕೋಣೆಗೆ ಬೀಗ ಹಾಕಿ ಬಂದರೆ ತಿಂಗಳುಗಟ್ಟಲೆ ಎಲ್ಲಿ ಹೋದ ಎಂದು ಕೇಳುವ ಒಂದು ಪ್ರಾಣಿಯೂ ಇರಲಿಲ್ಲ. ಅದು ನನಗೆ ರೂಢಿಯಾಗಿದೆ ಎಂದುಕೊಂಡಿದ್ದೆ. ರೂಢಿಯಾಗಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು. ಸಿಡುಬು ರಸ್ತೆಯ ಮೇಲಿನ ಯಾವ ಊರಿಗೂ ಬರದೆ, ದೇವದುರ್ಗ ತಾಲೂಕಿನ ಗೂಗಲ್ಲಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ ಎದ್ದಿದೆ. ಅಲ್ಲಿಗೆ ಹೋಗಿದ್ದ ನಮ್ಮ ಇಲಾಖೆಯವನೊಬ್ಬನನ್ನು ಜನ ಅಲ್ಲಮಪ್ರಭುವಿನ ಗುಡಿಯ ಹತ್ತಿರದಿಂದಲೇ ವಾಪಸು ಕಳಿಸಿದ್ದರು. ನಾನು ದೂರದ ಸುದ್ದಿ ಎಂದು ಸಮಾಧಾನ ಮಾಡಿಕೊಂಡು, ಅಪ್ಪಣೆಯಂತೆ ಮುಂದಿನ ಊರಾದ ಮಲ್ಲಟಕ್ಕೆ ಹೋದೆ.

ಮಲ್ಲಟದಲ್ಲಿ ಇಲಾಖೆ ಕಲಿಸಿದ ಉಪಾಯವನ್ನೇ ಮಾಡಿದೆ. ದೊಡ್ಡವರು ಹಾಕಿಸಿಕೊಂಡರೆ ಸಣ್ಣವರು ಹಿಂದೆ ಬರುತ್ತಾರೆ ಎನ್ನುವುದು ಆ ಉಪಾಯ. ಊರ ಗೌಡರ ಕಾಲು ಹಿಡಿದು ಗೌಡತಿಯ ತೋಳಿಗೆ ಲಸಿಕೆ ಹಾಕಿ, ಹಾಕಿದ್ದನ್ನು ಡಂಗುರ ಸಾರಿಸಿದೆ. ದಿನವಿಡೀ ಚಾವಡಿಯಲ್ಲಿ ಕೂತೆ. ಒಂದು ನಾಯಿ ಬಂದು ಮೂಸಿ ಹೋಯಿತು. ಸಂಜೆ ಬಾವಿಯ ಹತ್ತಿರ ಒಬ್ಬ ಹೆಂಗಸನ್ನು ಕೇಳಿದೆ: "ಗೌಡ್ತಿನs ಹಾಕಿಸ್ಕೊಂಡಾರ. ನಿಮಗ್ಯಾಕ ಅಂಜಿಕಿ?"

"ಗೌಡ್ತಿ ತೋಳು ಬಾತ್ರ ಮನ್ಯಾಗ ಆಳು ಅದಾರ್ರಿ. ನಮ್ಮ ತೋಳು ಬಾತ್ರ ಯಾರದಾರ?" ಎಂದು ಕೊಡ ಎತ್ತಿಕೊಂಡು ಹೋದಳು. ನನಗೆ ಆಗಲೇ ಅರ್ಥವಾಗಬೇಕಿತ್ತು. ಅದು ಬರಿಯ ಕೊಂಕುಮಾತು ಎಂದುಕೊಂಡೆ.

ಜನ ಊರಿಗೆ ಬರದಿದ್ದರೆ ನಾನೇ ಹೊಲಕ್ಕೆ ಹೋಗಬೇಕು. ಮರುದಿನ ಹೋದೆ. ಹತ್ತಿಯ ಹೊಲದಲ್ಲಿ ಒಂದು ಡಜನ್ ಹೆಂಗಸರು ಸಾಲು ಹಿಡಿದು ಬಿಡಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ನರೆಗೂದಲಿನ ಒಬ್ಬಾಕೆ ಇದ್ದಳು. ಅವಳೇ ಗುಂಪಿನ ಹಿರಿಯಳು. ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಮಗ ರಾಯಚೂರಿನ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆ ಅಂದು ಹೊಸ ಹಸಿರು ಬಳೆ ಇಟ್ಟುಕೊಂಡಿದ್ದಳು, ಪಕ್ಕದ ಗೆಳತಿ ಅದನ್ನೇ ಹಿಡಿದು ಕಾಡಿಸುತ್ತಿದ್ದಳು.

"ತವರು ಮನ್ಯಾಗಿಂದ ನಿನ್ನಿ ಬಂದಾಳ್ರಿ. ಇನ್ನ ಕೈ ಇಲ್ಲಿ ಅದಾವ, ಜೀವ ಅಲ್ಲಿ ಅದ."

"ಯಾವೂರು ತವರು?" ಎಂದೆ, ಸುಮ್ಮನೆ ಮಾತಿಗೆ.

"ಗೂಗಲ್ ರೀ."

"ಹಬ್ಬಕ್ಕ ಹೋಗಿದ್ದೇನು ತಂಗಿ?"

"ಇಲ್ಲರೀ. ನನ್ನ ತಮ್ಮನ ಮೈಮ್ಯಾಗ ದೇವಿ ಅವ್ವ ಬಂದಾಳ. ಬೇವು, ಮಸರನ್ನ ಒಯ್ದು ಅವ್ವಗ ಉಡಿ ತುಂಬಿ ಬಂದೀನಿ."

ನಾನು ಪೆಟ್ಟಿಗೆಯನ್ನು ಕೆಳಗಿಳಿಸಿದೆ. ನಕ್ಷೆಯಲ್ಲಿ ಗೂಗಲ್ಲಿಗೂ ಮಲ್ಲಟಕ್ಕೂ ನಡುವೆ ಎಷ್ಟೊಂದು ಊರು, ಎಷ್ಟೊಂದು ಹಳ್ಳ. ಹೆಣ್ಣುಮಗಳಿಗೆ ಅದು ತವರಿನ ಹೊಸ್ತಿಲಿನಿಂದ ಗಂಡನ ಮನೆಯ ಹೊಸ್ತಿಲು, ಅಷ್ಟೇ. ಬೇನೆ ರಸ್ತೆ ಹಿಡಿದು ಬಂದಿರಲಿಲ್ಲ, ನಂಟು ಹಿಡಿದು ಬಂದಿತ್ತು. ನಾನು ರಸ್ತೆ ಕಾಯುತ್ತ ಕೂತಿದ್ದೆ.

ದೊಡ್ಡವ್ವನನ್ನು ಬದುವಿಗೆ ಕರೆದು ಹೇಳಿದೆ. ಬೇನೆ ಸೊಸೆಯ ಮೈಯೊಳಗೆ ಹೊಕ್ಕಿದ್ದರೂ ಈಗ ನಾಲ್ಕು ದಿನದೊಳಗೆ ಲಸಿಕೆ ಹಾಕಿದರೆ ತಡೆಯಬಹುದು, ತಡೆಯದಿದ್ದರೂ ಜೀವ ಉಳಿದೀತು; ಹಾಕದಿದ್ದರೆ ಅವಳಿಂದ ಈ ಸಾಲಿನ ಎಲ್ಲರಿಗೂ ಬರುತ್ತದೆ. ಅವಳು ಗಮನವಿಟ್ಟು ಕೇಳಿದಳು. ಅಂಜಿಕೆ ಕಣ್ಣಲ್ಲಿ ಕಂಡಿತು. ಆದರೂ ತಲೆ ಅಲ್ಲಾಡಿಸಿದಳು.

"ಹಾಕಿದ ಮ್ಯಾಲ ತೋಳು ಬಾಯ್ತದ, ಜ್ವರ ಬರ್ತದ. ಹೌದಲ್ಲರೀ? ಈಗ ಹತ್ತಿ ಒಡದು ನಿಂತದ. ಇದು ಕೂಲಿ ಅಲ್ಲ ಯಪ್ಪಾ, ಮುಯ್ಯಿ. ಇವತ್ತು ನಾವು ಆಕಿ ಹೊಲಕ್ಕ, ನಾಳಿ ಆಕಿ ನಮ್ಮ ಹೊಲಕ್ಕ. ಎಲ್ಲಾರೂ ಒಮ್ಮಿಗೇ ಮಲಗಿದ್ರ ಎಲ್ಲಾರ ಹತ್ತಿನೂ ಗಾಳಿಗೆ ಹೋತು. ಒಬ್ಬಾಕಿ ಮಲಗಿದ್ರ ಆಕಿ ಮ್ಯಾಲ ಎಲ್ಲಾರ ಮುಯ್ಯಿ ಬಿತ್ತು. ಯಾರು ಮೊದಲು ಮಲಗಬೇಕು, ಹೇಳ್ರಿ?"

ಇಷ್ಟು ದಿನ ದೇವಿಯ ಭಯ, ಮೂಢತನ ಎಂದು ಯಾರ್ಯಾರನ್ನೋ ಬೈದುಕೊಂಡಿದ್ದೆ. ಇಲ್ಲಿ ಅಡ್ಡಬಂದದ್ದು ದೇವಿಯಲ್ಲ, ಇಲಾಖೆಯ 'ಒಂದೇ ಸಲ' ಎಂಬ ಮಾತು. ಹೊರಟುಹೋಗಲಿಲ್ಲ. ಬದುವಿನ ಮೇಲೆ ಕೂತು ಸಂಜೆಯವರೆಗೆ ಅವರನ್ನೇ ನೋಡಿದೆ. ಸಾಲು ಹಿಡಿಯುವಾಗ ಯಾರೂ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಸೊಸೆಯ ಎಡಕ್ಕೆ ಅವಳ ಗೆಳತಿ, ಬಲಕ್ಕೆ ಅತ್ತೆ, ಅವರಾಚೆ ನೆರೆಮನೆಯವರು. ಅಕ್ಕಪಕ್ಕದವರೇ ಒಂದೇ ಬುತ್ತಿ ಬಿಚ್ಚುತ್ತಾರೆ, ಒಂದೇ ತಂಬಿಗೆಯಲ್ಲಿ ನೀರು ಕುಡಿಯುತ್ತಾರೆ. ಸಾಲಿನ ಆ ತುದಿಯವರಿಗೂ ಸೊಸೆಗೂ ದಿನವೆಲ್ಲ ಒಂದು ಮಾತೂ ಆಗಲಿಲ್ಲ. ಬೇನೆ ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ಕಣ್ಣ ಮುಂದೆ ಸಾಲಾಗಿ ನಿಂತಿತ್ತು.

ಕೆಲಸ ಬಿಡುವ ಹೊತ್ತಿಗೆ ಅವರಲ್ಲಿ ಒಂದು ಸಣ್ಣ ಜಗಳ ಬಂತು. ಒಬ್ಬ ಸಣ್ಣ ವಯಸ್ಸಿನವಳು ತನ್ನ ಮೇಲಿನ ಬಾಕಿ ಕೆಲಸವನ್ನೆಲ್ಲ ನಾಳೆಯೇ ಮುಗಿಸಿಬಿಡುತ್ತೇನೆ ಎಂದಳು. ದೊಡ್ಡವ್ವ ಗದರಿದಳು. "ಪೂರಾ ತೀರಸಬ್ಯಾಡಲೇ. ಅರ್ಧ ದಿನ ಇರಲಿ. ಮುಯ್ಯಿ ತೀರಿದ್ರ ನಂಟೂ ತೀರ್ತದ." ಉಳಿದವರೆಲ್ಲ ಹೌದೆಂದು ತಲೆದೂಗಿದರು. ಯಾರ ಮೇಲೂ ಅರ್ಧ ದಿನದ ಬಾಕಿಯೂ ಇಲ್ಲದ ನಾನು ಪೆಟ್ಟಿಗೆ ಎತ್ತಿಕೊಂಡು ಚಾವಡಿಗೆ ಬಂದೆ.

ಬೆಳಗಾಗುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಹೊಲಕ್ಕೆ ಹೋಗಿ ಹೇಳಿದೆ: "ಎಲ್ಲಾರೂ ಒಮ್ಮಿಗೇ ಬ್ಯಾಡ. ಸೊಸಿ, ದೊಡ್ಡವ್ವ, ಅವರ ಆಜೂಬಾಜೂದವರು ಇವತ್ತು. ಆ ತುದಿಯವರು ಇವರ ತೋಳು ಮಾಗಿದ ಮ್ಯಾಲ. ತೋಳು ಬಾತವರ ಪಾಳಿ ನಾ ಮಾಡ್ತೀನಿ."

ಹೊಲವೆಲ್ಲ ನಗೆ. ಹತ್ತಿ ಬಿಡಿಸುವುದು ಹೆಂಗಸರ ಕೆಲಸ, ಬಿಡಿಸಿದ್ದನ್ನು ಸೀರೆಯ ಉಡಿಯಲ್ಲಿ ತುಂಬಿಕೊಳ್ಳುತ್ತಾರೆ.

"ಉಡಿ ಎಲ್ಲಿಂದ ತರ್ತೀರಿ ಸಾಹೇಬ್ರ?"

ಹೆಗಲ ಮೇಲಿನ ಪಂಚೆಯನ್ನು ಸೊಂಟಕ್ಕೆ ಉಡಿಯಂತೆ ಕಟ್ಟಿಕೊಂಡು ತೋರಿಸಿದೆ. ದೊಡ್ಡವ್ವ ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೊಸೆಯ ತೋಳಿನ ಸೆರಗು ತಾನೇ ಸರಿಸಿದಳು. "ಹಾಕ್ರಿ. ಮೊದಲು ಆಕಿಗೆ, ಆಮ್ಯಾಲ ನನಗ."

ತೋಳನ್ನು ಸಾಬೂನು ನೀರಿನಿಂದ ಒರೆಸಿ ಪೂರ್ತಿ ಆರಲು ಬಿಟ್ಟೆ. ಸ್ಪಿರಿಟ್ ದೀಪದಲ್ಲಿ ಚುಚ್ಚುವ ಸಲಾಕೆ ಕಾಯಿಸಿ, ತಣ್ಣಗಾಗಲು ಬಿಟ್ಟೆ. ಬಿಸಿ ಇದ್ದರೆ ಲಸಿಕೆ ಸಾಯುತ್ತದೆ. ನಳಿಕೆಯ ಎರಡೂ ತುದಿ ಮುರಿದು ನಾಲ್ಕು ಹನಿ ಊದಿ, ಹನಿಯ ಮೇಲೆ ಸಲಾಕೆ ಒತ್ತಿ ತಿರುಗಿಸಿದೆ. ರಕ್ತ ಹರಿಯಬಾರದು, ಬರೀ ಕೆಂಪೇರಬೇಕು. ಹಿರೇಕೊಟ್ನೆಕಲ್ಲಿನ ನೆನಪಿಗೆ ಒಂದೊಂದು ಹನಿಯನ್ನೂ ಎರಡು ಸಲ ನೋಡಿದೆ. ಒಂದೇ ಸಲ ಹಾಕಲಿಲ್ಲ, ಮಕ್ಕಳಿಂದ ಶುರು ಮಾಡಲಿಲ್ಲ, ಮುಂದಿನ ಊರಿಗೆ ಹೊರಡಲಿಲ್ಲ: ಇಲಾಖೆಯ ನಿಯಮ ಮೂರು ಕಡೆ ಮುರಿದಿದ್ದೆ. ಸಾಲಿನ ಆ ತುದಿಯವರಲ್ಲಿ ಒಬ್ಬಳಿಗೆ ಬೇನೆ ಬಂದರೂ ಅದು ನನ್ನ ಕೊರಳಿಗೆ.

ಈ ಸಲ ಲಸಿಕೆ ಎದ್ದಿತು. ತೋಳುಗಳು ಬಾತವು, ನಾನು ಸಾಲು ಹಿಡಿದೆ. ಒಣಗಿದ ಹತ್ತಿಕಾಯಿಯ ತೊಗಟೆ ಉಗುರುಸಂದಿಗೆ ಚುಚ್ಚಿ ರಕ್ತ ಬರುತ್ತಿತ್ತು. ನಾನು ಬಿಡಿಸಿದ ಹತ್ತಿಯಲ್ಲಿ ಎಲೆಚೂರೇ ಜಾಸ್ತಿ. "ಸಾಹೇಬ್ರ ಹತ್ತಿ ಬಿಡಸಾಕತ್ತಿಲ್ಲ, ಗಿಡ ಬೋಳಸಾಕತ್ತಾರ," ಎಂದು ಗೆಳತಿ ಕೂಗಿದಳು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಯಾರೋ ನನ್ನ ಕೈಗೂ ಎರಡು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟರು. ಯಾರಿಟ್ಟರೆಂದು ತಲೆ ಎತ್ತಿ ನೋಡಲಿಲ್ಲ, ಕಣ್ಣು ತುಂಬಿತ್ತು. ಬಹಳ ವರ್ಷಗಳ ಮೇಲೆ ಒಬ್ಬರ ಪಕ್ಕದಲ್ಲಿ ಕೂತು ಉಂಡಿದ್ದೆ.

ಆಮೇಲೆ ಸೊಸೆಗೆ ಜ್ವರ ಬಂತು. ಲಸಿಕೆಯ ಜ್ವರವೂ ಬರುವ ಹೊತ್ತು ಅದೇ, ಬೇನೆಯ ಜ್ವರವೂ ಬರುವ ಹೊತ್ತು ಅದೇ. ಮುಟ್ಟಿ ನೋಡಿ ಇದು ಯಾವುದು ಎಂದು ಹೇಳಲು ಬರುವುದಿಲ್ಲ. ಕಾಯಲಿಲ್ಲ. ಹೊಲದ ಮೂಲೆಯ ಕಾವಲು ಗುಡಿಸಲಿಗೆ ಅವಳನ್ನು ಸೇರಿಸಿದೆವು. ತೋಳಿನಲ್ಲಿ ಲಸಿಕೆ ಎದ್ದವರು ಮಾತ್ರ ಗುಡಿಸಲಿಗೆ ನೀರು, ಗಂಜಿ ತರಬೇಕು. ಉಳಿದವರು ಆಚೆ ಬದು ದಾಟಬಾರದು ಎಂದು ಕಟ್ಟು ಮಾಡಿದೆ. ಗುಡಿಸಲಿನ ಬಾಗಿಲಲ್ಲಿ ನಾನು ಕೂತೆ. ಒಮ್ಮೆ ದೇವಿ ಬಂದು ಹೋದವನಿಗೆ ಅವಳು ಮತ್ತೆ ಬರುವುದಿಲ್ಲ. ನನ್ನ ಮುಖ ಮೊದಲ ಸಲ ಉಪಯೋಗಕ್ಕೆ ಬಂತು.

ಮೂರನೆಯ ದಿನ ಹಣೆಯ ಮೇಲೆ ಗುಳ್ಳೆ ಕಂಡವು. ದೇವಿಯೇ, ಬೇನೆಯ ದೇವಿ. ನಾನು ಹೊರಗೆ ಬಂದು ಮತ್ತೆ ಬಾಗಿಲಲ್ಲಿ ಕೂತೆ. ತಡವಾಗಿ ಹೋಗಿತ್ತು, ಇನ್ನು ಎಷ್ಟು ಏಳುತ್ತವೆ ಎನ್ನುವುದಷ್ಟೇ ಉಳಿದ ಪ್ರಶ್ನೆ. ಅವಳು ಒಳಗಿಂದ ಕೇಳಿದಳು.

"ನಿಮ್ಮನ್ನೂ ಹಿಂಗ ಒಬ್ಬರನ್ನs ಇಟ್ಟಿದ್ರೇನ್ರೀ?"

"ಇಲ್ಲ ತಂಗಿ. ನಮ್ಮವ್ವ ಇದ್ಲು, ಬಾಜೂಕ."

"ನನಗೂ ನೀವು ಅದೀರಲ್ರಿ," ಎಂದಳು.

ಅಂದು ಆಚೆ ಬದುವಿನ ಹೊಲದಲ್ಲಿ ಹೆಂಗಸರು ಎಂದಿಗಿಂತ ಗಟ್ಟಿಯಾಗಿ ಮಾತಾಡುತ್ತ, ನಗುತ್ತ ಹತ್ತಿ ಬಿಡಿಸಿದರು. ಅವಳಿಗೆ ಕೇಳಲಿ ಎಂದೇ ಹಾಗೆ ಮಾಡುತ್ತಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು.

ಗುಳ್ಳೆಗಳು ಬೆರಳಲ್ಲಿ ಎಣಿಸುವಷ್ಟರಲ್ಲೇ ನಿಂತವು. ಲಸಿಕೆ ಅರ್ಧ ದಾರಿಯಲ್ಲಿ ಬೇನೆಯನ್ನು ಹಿಡಿದಿತ್ತು. ಹಕ್ಕಳೆ ಉದುರಿದ ಮೇಲೆ ಅವಳು ಸ್ನಾನ ಮಾಡಿ ಹೊರಬಂದಾಗ ಹಣೆಯ ಮೇಲೆ ಒಂದೆರಡು ಕಲೆ ಉಳಿದಿದ್ದವು, ಅಷ್ಟೇ. ಆ ಸಾಲಿನಲ್ಲಿ ಇನ್ನೊಬ್ಬರಿಗೆ ಬೇನೆ ಬರಲಿಲ್ಲ. ಅಷ್ಟರಲ್ಲಿ ಮೊದಲಿನವರ ತೋಳು ಮಾಗಿ, ಆ ತುದಿಯವರು ತಾವಾಗಿಯೇ ಬಂದು ಕೂತಿದ್ದರು. "ಆಕಿ ನನ್ನ ಪಾಳಿ ಮಾಡ್ತಾಳ, ನೀವು ಹಾಕ್ರಿ," ಎನ್ನುವುದು ಎಲ್ಲರ ಮಾತಾಯಿತು. ಒಂದು ಮುಯ್ಯಿಯ ಗುಂಪಿನಿಂದ ಇನ್ನೊಂದಕ್ಕೆ ಅದು ಹೋಯಿತು. ಕೆಳಗಿನ ಕೇರಿಗೆ ಮಾತ್ರ ಹೋಗಲಿಲ್ಲ. ಮುಯ್ಯಿ ಕೇರಿ ದಾಟುವುದಿಲ್ಲ, ಬೇನೆ ದಾಟುತ್ತದೆ. ಅಲ್ಲಿ ನಾನು ಅವರದೇ ಗುಂಪು ಹುಡುಕಿ, ಅವರ ಪಾಳಿಯಲ್ಲೂ ಸಾಲು ಹಿಡಿದು, ಮೊದಲಿನಿಂದ ಶುರು ಮಾಡಬೇಕಾಯಿತು.

ನಳಿಕೆ ತರಲು ರಾಯಚೂರಿಗೆ ಹೋದಾಗ ಡಾಕ್ಟರ್ ಸಾಹೇಬರು ಸರಿಯಾಗಿ ಉಗಿದರು. "ಒಂದು ಊರಿಗೆ ಇಷ್ಟು ದಿನ! ನೀ ಹೋಗಿದ್ದು ದೇವಿ ಹಾಕಾಕೋ, ಹತ್ತಿ ಬಿಡಸಾಕೋ?" ಎರಡಕ್ಕೂ ಎಂದು ಹೇಳುವ ಧೈರ್ಯ ಬರಲಿಲ್ಲ. ಶಿಕ್ಷೆಯೋ ಎಂಬಂತೆ ನನ್ನನ್ನು ಗೂಗಲ್ಲಿಗೆ ಹಾಕಿದರು. ಮಲ್ಲಟಕ್ಕೆ ಹೋಗಿ ಹೇಳಿ ಬರಲೂ ಬಿಡುವಿರಲಿಲ್ಲ. ಬಸ್ಸು ಹೊರಡುವಾಗ ಮಾನ್ವಿಗೆ ಹೊರಟಿದ್ದ ಒಬ್ಬ ಪ್ರಯಾಣಿಕನ ಕೈಯಲ್ಲಿ, ಗೂಗಲ್ಲಿಗೆ ಹೊರಟೆ ಎಂದು ದೊಡ್ಡವ್ವನಿಗೆ ಹೇಳಿ ಕಳಿಸಿದೆ. ಹಳೆಯ ಏಕಾಂತ ಈಗ ಮೊದಲಿಗಿಂತ ಭಾರವಾಗಿತ್ತು.

ದೇವದುರ್ಗದಲ್ಲಿ ಬಂಡಿ ಸಿಗದೆ ಕೆಲವು ದಿನ ಕಾಯಬೇಕಾಯಿತು. ಕೊನೆಗೆ ಗೂಗಲ್ ಮುಟ್ಟಿದಾಗ, ಗುಡಿಯ ಹತ್ತಿರವೇ ಬೈಸಿಕೊಂಡು ತಿರುಗಬೇಕಾದೀತು ಎಂದು ಬಂಡಿಯವನಿಗೆ ಎತ್ತು ಬಿಚ್ಚಬೇಡ ಎಂದಿದ್ದೆ. ಗುಡಿಯ ಹತ್ತಿರ ಬೇವಿನ ನೆರಳಿನಲ್ಲಿ ಹೆಂಗಸರು ಕೂತಿದ್ದರು. ಸೆರಗು ಸರಿಸಿ, ತೋಳು ತೊಳೆದುಕೊಂಡು, ಎರಡು ಗುಂಪಾಗಿ ಕೂತಿದ್ದರು. ಒಂದು ಗುಂಪು ಇವತ್ತಿಗೆ, ಇನ್ನೊಂದು ಇವರ ತೋಳು ಮಾಗಿದ ಮೇಲೆ ಎಂದು ಅವರೇ ಹೇಳಿದರು. ನನ್ನ ಮುಖ ನೋಡಿ ಒಂದು ಮಗುವೂ ಓಡಲಿಲ್ಲ.

ಸೊಸೆಯ ತಾಯಿ ಮುಂದೆ ಬಂದಳು. "ಮಲ್ಲಟದ ಬೀಗತಿ ಬಂದಿದ್ಲು, ಸೊಸಿನ್ನ ಕರಕೊಂಡು. ಮನಿ ಮನಿಗೆ ಹೋಗಿ ತೋಳು ತೋರ್ಸಿದ್ರು. ನಿಮ್ಮ ಮುಖದ ಕಲಿ ಸಣ್ಣಂದಿನದು, ಸೂಜಿದಲ್ಲ ಅಂತನೂ ಹೇಳಿದ್ರು."

"ನಿಮಗ ನಂಬಿಕಿ ಬಂತೇನವ್ವಾ?"

"ಮಗಳು ಒಬ್ಬಾಕೀನs ಹೇಳಿದ್ರ ತವರಿನ ಮ್ಯಾಲಿನ ಮಾಯಾ ಅಂತಿದ್ವಿ. ಬೀಗತಿ ಒಬ್ಬಾಕೀನs ಹೇಳಿದ್ರ ಏನೋ ಹಂಚಿಕಿ ಅದ ಅಂತಿದ್ವಿ. ಅತ್ತಿ, ಸೊಸಿ ಇಬ್ಬರೂ ಒಂದs ಮಾತು ಹೇಳಾಕತ್ತಾರ ಅಂದ್ರ ಅದು ಖರೇನs ಇರಬೇಕಲ್ರಿ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಬೇನೆ ಬರಲು ಒಬ್ಬರು ಸಾಕು, ನಂಬಿಕೆ ಬರಲು ಇಬ್ಬರು ಬೇಕು. ಯಾವ ದಾರಿಯಲ್ಲಿ ಬೇನೆ ಮಲ್ಲಟಕ್ಕೆ ಬಂದಿತ್ತೋ ಅದೇ ದಾರಿಯಲ್ಲಿ ಅವರಿಬ್ಬರು ಲಸಿಕೆಯ ಮಾತನ್ನು ವಾಪಸು ನಡೆಸಿಕೊಂಡು ಬಂದಿದ್ದರು. "ಅವರೆಲ್ಲಿ?" ಎಂದು ಸುತ್ತ ನೋಡಿದೆ. ಹತ್ತಿ ಬಾಕಿ ಇದೆ ಎಂದು ಹಿಂದಿನ ದಿನವೇ ಹೋಗಿಬಿಟ್ಟಿದ್ದರು.

"ಬೀಗತಿ ನಿಮಗೊಂದು ಮಾತು ಹೇಳಂದಾಳ," ಎಂದಳು ಆ ತಾಯಿ. "ನೀವು ಅವರ ಸಾಲಿನ್ಯಾಗ ದುಡದದ್ದು, ಅವರು ಇಲ್ಲಿ ಮನಿ ಮನಿ ತಿರುಗಿದ್ದಕ್ಕ ಮುಟ್ಟಿತಂತ. ಮ್ಯಾಲ ಅರ್ಧ ದಿನ ಅವರs ಹೆಚ್ಚಿಗಿ ದುಡದಾರಂತ. ಅದು ನಿಮ್ಮ ಮ್ಯಾಲ ಅದ, ತೀರಸಾಕ ಅವಸರ ಮಾಡಬ್ಯಾಡ್ರಿ ಅಂದಾಳ."

ನಾನು ಸ್ಪಿರಿಟ್ ದೀಪ ಹಚ್ಚುವ ನೆಪದಲ್ಲಿ ತಲೆ ಬಗ್ಗಿಸಿದೆ. ಕಡ್ಡಿ ಎರಡು ಸಲ ಆರಿತು.

ಆಮೇಲೆ ನನ್ನ ಕೆಲಸ ಬೇರೆ ಬೇರೆ ಕಡೆ ಹೋಯಿತು. ಎಷ್ಟೋ ಸಲ ಮಲ್ಲಟದ ಮೇಲೆ ಹಾದುಹೋಗಿದ್ದೇನೆ, ಹತ್ತಿ ಒಡೆದ ದಿನಗಳಲ್ಲೂ. ದೊಡ್ಡವ್ವನ ಮನೆಯಲ್ಲಿ ಕೂತು ರೊಟ್ಟಿ ತಿಂದಿದ್ದೇನೆ. ಆದರೆ ಹೊಲಕ್ಕೆ ಕಾಲಿಡಲಿಲ್ಲ, ಸಾಲು ಹಿಡಿಯಲಿಲ್ಲ. ಅವಳೂ ಒಮ್ಮೆಯೂ ಕೇಳಲಿಲ್ಲ. ಆ ಅರ್ಧ ದಿನ ಇನ್ನೂ ನನ್ನ ಮೇಲಿದೆ.